ಹತ್ಯೆಯ ನಿಷೇಧ ಮತ್ತು ಮರಣದಂಡನೆ: ಒಂದು ಹೀಬ್ರೂ ಧಾತುವಿನ ಸುತ್ತ

ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯ ಹತ್ಯೆಯನ್ನು ನಿಷೇಧಿಸುತ್ತದೆ. ಮರು ಅಧ್ಯಾಯವೇ ಕೊಲೆಗಾರನಿಗೆ ಮರಣದಂಡನೆ ವಿಧಿಸುತ್ತದೆ. ಇದಕ್ಕೆ ವಿದ್ವಾಂಸರು ನೀಡುವ ರೂಢಿಯ ಸಮಾಧಾನ ಶಬ್ದಾರ್ಥವನ್ನು ಅವಲಂಬಿಸಿದೆ. ಆಜ್ಞೆಯಲ್ಲಿರುವ ಹೀಬ್ರೂ ಧಾತು ‘ರಾತ್ಸಾಖ್’. ಯುದ್ಧದಲ್ಲಿ ಕೊಲ್ಲುವುದಕ್ಕೂ ಪಶುವಧೆಗೂ ಬೇರೆ ಧಾತುಗಳಿವೆ. ಆದ್ದರಿಂದ ನಿಷಿದ್ಧವಾದದ್ದು ಅಕ್ರಮ ನರಹತ್ಯೆ ಮಾತ್ರ ಎನ್ನುತ್ತಾರೆ. ಈ ಆಜ್ಞೆಗೆ ಅಹಿಂಸಾ ಮಹಾವ್ರತದ ಅರ್ಥವನ್ನು ಆರೋಪಿಸುವ ನಮ್ಮವರ ಉತ್ಸಾಹವನ್ನು ಈ ಭೇದ ತಡೆಯುತ್ತದೆ. ಅಷ್ಟರ ಮಟ್ಟಿಗೆ ಅದು ಒಪ್ಪತಕ್ಕದ್ದೇ.

ಆದರೆ ಅರಣ್ಯಕಾಂಡದ 35ನೆಯ ಅಧ್ಯಾಯದ ಎದುರು ಈ ಸಮಾಧಾನ ನಿಲ್ಲಲಾರದು. ಅಲ್ಲಿ ಕೈತಪ್ಪಿ ಕೊಂದವನನ್ನೂ ಅದೇ ಧಾತುವಿನಿಂದಲೇ ಹೆಸರಿಸಲಾಗಿದೆ. 30ನೆಯ ವಚನದಲ್ಲಂತೂ ಕೊಲೆಗಾರನನ್ನು ವಧಿಸುವ ಕ್ರಿಯೆಗೂ ಅದೇ ಧಾತು! ಅಪರಾಧಕ್ಕೂ ದಂಡನೆಗೂ ಒಂದೇ ಹೆಸರು. ಗಮನಿಸಬೇಕಾದದ್ದು, ಒಬ್ಬನೇ ಸಾಕ್ಷಿಯ ಮಾತಿನಿಂದ ಯಾರಿಗೂ ಮರಣ ವಿಧಿಸಕೂಡದೆಂಬ ನಿಯಮ ಇರುವುದೂ ಅದೇ ವಚನದಲ್ಲಿ. ಸಮನ್ವಯವನ್ನು ನಿಘಂಟಿಗಿಂತ ಇಂಥ ಸಾಕ್ಷಿನಿಯಮಗಳಲ್ಲಿ ಹುಡುಕುವುದು ಉಚಿತವೆಂದು ನನ್ನ ಅಭಿಪ್ರಾಯ.

ಯೆಹೂದಿ ಧರ್ಮಪಂಡಿತರು ಹಿಡಿದದ್ದು ಈ ದಾರಿಯನ್ನೇ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಶ್ನಾದ ‘ಮಕ್ಕೋತ್’ ಪ್ರಕರಣ, ಏಳು ವರ್ಷಕ್ಕೊಮ್ಮೆ ಮರಣದಂಡನೆ ಜಾರಿಮಾಡುವ ನ್ಯಾಯಸಭೆಯನ್ನೇ ವಿನಾಶಕಾರಿ ಎನ್ನುತ್ತದೆ. ಎಲಿಯಾಜರ್ ಬೆನ್ ಅಜರ್ಯರು ಆ ಅವಧಿಯನ್ನು ಎಪ್ಪತ್ತಕ್ಕೆ ಏರಿಸುತ್ತಾರೆ. ತಾವು ಆ ಸಭೆಯಲ್ಲಿದ್ದಿದ್ದರೆ ಯಾರೊಬ್ಬರೂ ವಧೆಗೊಳಗಾಗುತ್ತಿರಲಿಲ್ಲವೆಂದು ತರ್ಫೋನ್ ಮತ್ತು ಅಕೀವ ಹೇಳುತ್ತಾರೆ. ಹಾಗಾಗಿದ್ದರೆ ಇಸ್ರಾಯೇಲಿನಲ್ಲಿ ರಕ್ತ ಸುರಿಸುವವರು ಹೆಚ್ಚುತ್ತಿದ್ದರೆಂದು ಶಿಮೋನ್ ಬೆನ್ ಗಮಲಿಯೇಲರು ಆಕ್ಷೇಪಿಸುತ್ತಾರೆ. ಸಂಕಲನಕಾರರು ಈ ಆಕ್ಷೇಪಕ್ಕೆ ಉತ್ತರ ಬರೆಯಲಿಲ್ಲ. ಆ ಅಧ್ಯಾಯ ಅಲ್ಲಿಗೇ ಮುಗಿಯುತ್ತದೆ.