ಕೆರೆ ಕಟ್ಟಿದವನಿಗೆ ಅಲ್ಲಮ ಕೇಳಿದ್ದು

ಸೊಲ್ಲಾಪುರದ ನಡುವೆ ಇವತ್ತಿಗೂ ಒಂದು ದೊಡ್ಡ ಕೆರೆಯಿದೆ. ಅದರ ನೀರಿನ ಮಗ್ಗುಲಲ್ಲೇ ಸಿದ್ಧೇಶ್ವರನ ಗುಡಿ. ಸಂಕ್ರಾಂತಿಯ ಜಾತ್ರೆಗೆ ಗಡಿಯಾಚೆಯ ಕನ್ನಡದ ಹಳ್ಳಿಗಳಿಂದಲೂ ಜನ ಹೋಗುತ್ತಾರೆ. 12ನೇ ಶತಮಾನದಲ್ಲಿ ಸೊನ್ನಲಿಗೆ ಎನಿಸಿಕೊಂಡಿದ್ದ ಈ ಊರಿನಲ್ಲಿ ಸಿದ್ಧರಾಮ ಕೆರೆ ತೋಡಿಸಿದ, ಗುಡಿಗಳನ್ನು ಕಟ್ಟಿಸಿದ, ಹಸಿದು ಬಂದವರಿಗೆ ಅನ್ನವಿಟ್ಟ. ಬಾಯಾರಿದ ಮನುಷ್ಯರೂ ದನಕರುಗಳೂ ಅವನ ಕೆರೆಯ ನೀರು ಕುಡಿದವು. ಸೇವೆ ಎಂದರೆ ಇದಕ್ಕಿಂತ ಹೆಚ್ಚಿನದು ಏನಿದ್ದೀತು?

ಆದರೆ ‘ಶೂನ್ಯಸಂಪಾದನೆ’ಯ ಅಲ್ಲಮನಿಗೆ ಅಷ್ಟು ಸಾಲಲಿಲ್ಲ. ಕೆರೆಯ ಕೆಲಸ ನಡೆಯುತ್ತಿದ್ದ ಜಾಗಕ್ಕೇ ಬಂದು, ಮಣ್ಣು ಹೊರುತ್ತಿದ್ದವರ ಎದುರಿನಲ್ಲೇ ಅವರ ಒಡೆಯನನ್ನು ಮೂದಲಿಸುತ್ತಾನೆ. ಕೆಲಸದವರು ಕೆರಳಿ ಕಲ್ಲೆಸೆಯುತ್ತಾರೆ. ಸುದ್ದಿ ತಿಳಿದ ಸಿದ್ಧರಾಮ ಉರಿಗಣ್ಣು ತೆರೆದು ಬರುತ್ತಾನೆ. ಆ ಸಿಟ್ಟೇ ಅಲ್ಲಮನಿಗೆ ಬೇಕಾಗಿದ್ದ ಸಾಕ್ಷಿ. ಊರಿಗೆಲ್ಲ ನೀರುಣಿಸಿದವನ ಒಳಗೆ ‘ನಾನು ಕಟ್ಟಿಸಿದೆ’ ಎನ್ನುವುದು ಇನ್ನೂ ಉರಿಯುತ್ತಿತ್ತು. ಅಲ್ಲಿಂದ ಅಲ್ಲಮ ಅವನನ್ನು ಕಲ್ಯಾಣಕ್ಕೆ ಕರೆದುಕೊಂಡು ಹೋಗುತ್ತಾನೆ. ಚೆನ್ನಬಸವಣ್ಣನಿಂದ ಅವನಿಗೆ ಇಷ್ಟಲಿಂಗದ ದೀಕ್ಷೆಯಾಗುತ್ತದೆ.

ಇಷ್ಟನ್ನೇ ಓದಿದವರಿಗೆ ಅಂತರಂಗದ ಸಾಧನೆಯೇ ಮೇಲು, ಕೆರೆಕಟ್ಟೆಯೆಲ್ಲ ಅದರ ಕೆಳಗೆ ಎಂದು ತೋರಬಹುದು. ಅದೇ ಗ್ರಂಥದ ಆಯ್ದಕ್ಕಿ ಮಾರಯ್ಯನ ಪ್ರಸಂಗ ಹಾಗೆ ತೋರಲು ಬಿಡುವುದಿಲ್ಲ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಜಂಗಮ ದಾಸೋಹ. ಒಂದು ದಿನ ಅಲ್ಲಮನ ಅನುಭಾವದ ಮಾತು ಕೇಳುತ್ತ ಕುಳಿತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹೆಂಡತಿ ಲಕ್ಕಮ್ಮ ಬಂದು, ಕಾಯಕ ನಿಂತುಹೋಗಿದೆ ಎಂದು ನೆನಪಿಸಿ ಎಬ್ಬಿಸಿ ಕಳಿಸುತ್ತಾಳೆ. ಗಡಿಬಿಡಿಯಲ್ಲಿ ಅವನು ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಅಟ್ಟುವವಳೂ ಅವಳೇ. ಅಲ್ಲಮನಂಥ ಅಲ್ಲಮನ ಮಾತೇ ಆಗಲಿ, ಅಂದಂದಿನ ಕೆಲಸವನ್ನು ತಪ್ಪಿಸುವುದಾದರೆ ಅದು ಬೇಡ. ಮಾಡುವ ಕೆಲಸವೂ ನಾಳೆಯ ಕೂಡಿಡುವಿಕೆಗೆ ತಿರುಗುವುದಾದರೆ ಅದೂ ಬೇಡ. ಎರಡೇ ಏಟಿಗೆ ಲಕ್ಕಮ್ಮ ಎರಡು ದಾರಿ ಮುಚ್ಚಿದಳು.

ಸಿದ್ಧರಾಮನನ್ನು ಕೆಲಸದಿಂದ ಒಳಕ್ಕೆ ಎಳೆದರು, ಮಾರಯ್ಯನನ್ನು ಅನುಭಾವದಿಂದ ಕೆಲಸಕ್ಕೆ ಎಬ್ಬಿಸಿದರು. ಒಂದೇ ಕಾಲ, ಒಂದೇ ಬಳಗ, ಮದ್ದು ಮಾತ್ರ ಬೇರೆ. ಆತ್ಮೋನ್ನತಿಗೆ ಇಷ್ಟು ಗಂಟೆ, ಸಮಾಜಕ್ಕೆ ಇಷ್ಟು ಗಂಟೆ ಎಂದು ತಕ್ಕಡಿಯಲ್ಲಿ ತೂಗಿ ಕೊಡುವ ಲೆಕ್ಕ ಶರಣರಲ್ಲಿ ಇರಲಿಲ್ಲ. ಯಾರು ಯಾವ ಕಡೆಗೆ ವಾಲಿದ್ದಾರೆ ಎಂಬುದನ್ನು ನೋಡಿ, ಅದರ ಎದುರು ಬದಿಗೆ ಅವರನ್ನು ನೂಕುತ್ತಿದ್ದರು.

ಈ ಜಗಳ ಅಲ್ಲಿಗೇ ಮುಗಿಯಲಿಲ್ಲ. 1897ರಲ್ಲಿ ವಿವೇಕಾನಂದರು ರಾಮಕೃಷ್ಣ ಮಿಷನ್ ಕಟ್ಟಿದಾಗ ಅವರ ಗುರುಭಾಯಿಗಳಲ್ಲೇ ಅನುಮಾನಪಟ್ಟವರಿದ್ದರು. ದೇವರನ್ನು ಕಾಣು ಎಂದ ಗುರುವಿನ ಶಿಷ್ಯರಿಗೆ ಆಸ್ಪತ್ರೆ, ಪರಿಹಾರ ಕಾರ್ಯಗಳ ಉಸಾಬರಿ ಏಕೆ ಎಂಬುದು ಅವರ ಅಳುಕು. ಮರುವರ್ಷವೇ ಕಲ್ಕತ್ತಕ್ಕೆ ಪ್ಲೇಗ್ ಬಂತು. ಮಠಕ್ಕೆಂದು ಕೊಂಡ ಜಾಗವನ್ನಾದರೂ ಮಾರಿ ರೋಗಿಗಳನ್ನು ನೋಡಿಕೊಳ್ಳಲು ವಿವೇಕಾನಂದರು ಸಿದ್ಧರಾಗಿದ್ದರು.

ಇಂದಿನ ಮಧ್ಯಮವರ್ಗದ ಬದುಕಿನಲ್ಲಿ ಎರಡೂ ಕಡೆಯ ವಾಲುವಿಕೆ ಕಣ್ಣಿಗೆ ಹೊಡೆಯುವಂತಿದೆ. ಧ್ಯಾನ ಶಿಬಿರಕ್ಕೆ ರಜೆ ಹಾಕಿ ಹೋಗುವವರು ಮನೆಗೆಲಸದಾಕೆ ಒಂದು ದಿನ ರಜೆ ಕೇಳಿದರೆ ಮುಖ ಸಿಂಡರಿಸುತ್ತಾರೆ. ಉಸಿರಾಟವನ್ನು ಗಮನಿಸಲು ಕಲಿತವರಿಗೆ ಪಕ್ಕದ ಮನೆಯ ಮುದುಕರ ಕೆಮ್ಮು ಕೇಳಿಸುವುದಿಲ್ಲ. ಇನ್ನೊಂದು ಕಡೆ, ಆಸ್ಪತ್ರೆಯ ಮಂಚದ ಮೇಲೆ ಎರಡು ಬಾಳೆಹಣ್ಣು ಇಟ್ಟು, ರೋಗಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಸೇವೆ. ಇವರಿಬ್ಬರಿಗಿಂತ ಹೆಚ್ಚು ನೋವು ತರುವವರು ಮೂರನೆಯವರು: ಪ್ರಾಮಾಣಿಕವಾಗಿ ದುಡಿದು, ತಮಗೆಂದು ಒಂದು ಗಳಿಗೆಯ ಮೌನವನ್ನೂ ಉಳಿಸಿಕೊಳ್ಳದೆ, ನಾಲ್ಕೈದು ವರ್ಷದಲ್ಲಿ ಬತ್ತಿಹೋಗಿ, ‘ಈ ಜನಕ್ಕೆ ಎಷ್ಟು ಮಾಡಿದರೂ ಅಷ್ಟೇ’ ಎಂದು ಕೈಚೆಲ್ಲುವ ಕಾರ್ಯಕರ್ತರು. ಅವರಲ್ಲಿ ಕೊರತೆಯಾದದ್ದು ಕರುಣೆಯಲ್ಲ. ಕರುಣೆಗೆ ಒರತೆ ಬೇಕು, ಅದನ್ನು ತೋಡಿಕೊಳ್ಳಲು ಅವರಿಗೆ ಯಾರೂ ಹೇಳಿಕೊಡಲಿಲ್ಲ.

ರಮಣ ಮಹರ್ಷಿಗಳ ಹೆಸರು ಇಲ್ಲಿ ಬಂದೇ ಬರುತ್ತದೆ. 1896ರಲ್ಲಿ, ಹದಿನಾರರ ಹುಡುಗನಾಗಿ, ತಿರುವಣ್ಣಾಮಲೆಗೆ ಬಂದವರು 1950ರಲ್ಲಿ ತೀರಿಕೊಳ್ಳುವವರೆಗೆ ಆ ಊರು ಬಿಡಲಿಲ್ಲ. ಶಾಲೆ ತೆರೆಯಲಿಲ್ಲ, ಚಳವಳಿ ಕಟ್ಟಲಿಲ್ಲ. ಹಾಗಾದರೆ ಸೇವೆಯಿಲ್ಲದ ಸಾಧನೆ ಸಾಧ್ಯವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಆಶ್ರಮದ ಅಡುಗೆಮನೆಯಲ್ಲಿ ನಸುಕಿಗೇ ಕುಳಿತು ತರಕಾರಿ ಹೆಚ್ಚುತ್ತಿದ್ದವರು ಅವರೇ. ಲಕ್ಷ್ಮಿ ಎಂಬ ಹಸು 1948ರಲ್ಲಿ ಸಾಯುವ ಹೊತ್ತಿಗೆ ಅದರ ಬಳಿ ಕುಳಿತು ತಲೆ ನೇವರಿಸಿದವರೂ ಅವರೇ. ಆ ಹಸುವಿನ ಸಮಾಧಿ ಇಂದಿಗೂ ಆಶ್ರಮದಲ್ಲಿದೆ. ಎಲ್ಲರೂ ಸಂಸ್ಥೆ ಕಟ್ಟಬೇಕಿಲ್ಲ. ಎದುರಿಗೆ ಬಂದ ಜೀವಕ್ಕೆ ಬೆನ್ನು ತಿರುಗಿಸದಿದ್ದರೆ ಸಾಕು. ರಮಣರ ಮೌನವನ್ನು ತಮ್ಮ ಉದಾಸೀನಕ್ಕೆ ಹೊದಿಕೆ ಮಾಡಿಕೊಳ್ಳುವುದು ಮಾತ್ರ ಸಲ್ಲದು.

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಯಾವ ಶಾಸ್ತ್ರವನ್ನೂ ಓದಿದವರಲ್ಲ. ಕುಂದೂರು ಬೆಟ್ಟದಲ್ಲಿ ಕುರಿ ಮೇಯಿಸುವಾಗ, ಹಕ್ಕಿಗೂ ಮಿಗಗಳಿಗೂ ಕುಡಿಯಲು ಹನಿ ನೀರಿಲ್ಲದ್ದು ಅವರ ಕಣ್ಣಿಗೆ ಬಿತ್ತು. ಮೊದಲು ಕೋಲಿನಿಂದ ಕೆದಕಿದರು. ಆಮೇಲೆ ಕುರಿ ಮಾರಿ ಹಾರೆ, ಗುದ್ದಲಿ ಕೊಂಡರು. 2022ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಬೆಟ್ಟದಲ್ಲಿ ಅವರ ಹತ್ತಕ್ಕೂ ಹೆಚ್ಚು ಕಟ್ಟೆಗಳಿದ್ದವು. ಒಬ್ಬರೇ ಬೆಟ್ಟದಲ್ಲಿ ಅಗೆಯುತ್ತಿದ್ದ ಆ ವರ್ಷಗಳನ್ನು ತಪಸ್ಸು ಎನ್ನಬೇಕೋ ಸೇವೆ ಎನ್ನಬೇಕೋ? ಅಗೆಯುತ್ತಿದ್ದವರಿಗೆ ಆ ಗೆರೆ ಕಂಡಿರಲಾರದು.

ಗೆರೆ ಅಳಿಸಿಹೋದ ಇನ್ನೊಂದು ಬದುಕು ತುಮಕೂರಿನ ಸಿದ್ಧಗಂಗೆಯದು. ಶಿವಕುಮಾರ ಸ್ವಾಮೀಜಿ 1930ರಲ್ಲಿ ದೀಕ್ಷೆ ಪಡೆದಾಗ ಮಠಕ್ಕೆ ಹೇಳಿಕೊಳ್ಳುವಂಥ ಸಿರಿ ಇರಲಿಲ್ಲ. ಹಳ್ಳಿಹಳ್ಳಿ ತಿರುಗಿ, ಭಿಕ್ಷೆಯ ಧಾನ್ಯ ತಂದು ಮಕ್ಕಳಿಗೆ ಅನ್ನ ಹಾಕಿದರು. ಆಮೇಲಾಮೇಲೆ ಜಾತಿ, ಧರ್ಮ ಕೇಳದೆ ಸೇರಿಸಿಕೊಂಡ ಮಕ್ಕಳ ಸಂಖ್ಯೆ ಹತ್ತು ಸಾವಿರದ ಹತ್ತಿರಕ್ಕೆ ಬಂತು. ಅಷ್ಟು ದೊಡ್ಡ ಸಂಸಾರವಿದ್ದರೂ ಬೆಳಗಿನ ಜಾವದ ಸ್ನಾನ, ಇಷ್ಟಲಿಂಗ ಪೂಜೆ ತಪ್ಪಲಿಲ್ಲ. ಪೂಜೆ ಆಗದೆ ದಿನದ ಕೆಲಸವಿಲ್ಲ, ಕೆಲಸವಿಲ್ಲದ ದಿನವೂ ಇಲ್ಲ. ನೂರು ದಾಟಿದ ಮೇಲೂ ಅದೇ ನಡೆಯಿತು.

2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ, ಬೆಳಿಗ್ಗೆ 11.44ಕ್ಕೆ ಅವರ ಉಸಿರು ನಿಂತಿತು. ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿಯುವ ತನಕ ಸುದ್ದಿಯನ್ನು ಹೊರಗೆ ಹೇಳಲಿಲ್ಲ. ಅದು ಅವರದೇ ಇಚ್ಛೆಯಾಗಿತ್ತು.