ಕೈಯಿಂದ ಕಿತ್ತುಕೊಂಡ ಸೌತೆಕಾಯಿ

ಮೊನ್ನೆ ಮಧ್ಯಾಹ್ನ ನಮ್ಮೂರ ಸರ್ಕಾರಿ ಪ್ರೈಮರಿ ಶಾಲೆ ಕಡೆ ಹೋಗಿದ್ದೆ. ಬಿಸಿಯೂಟದ ಹೊತ್ತು. ಮಕ್ಕಳು ಅನ್ನ ಸಾಂಬಾರ್ ಚೆನ್ನಾಗೇ ಉಣ್ತಿದ್ರು. ಆದ್ರೆ ಎಷ್ಟೋ ತಟ್ಟೆಗಳ ಅಂಚಲ್ಲಿ ಬೀನ್ಸ್, ಕ್ಯಾರೆಟ್ ಚೂರುಗಳ ಸಣ್ಣ ಗುಡ್ಡೆ. "ಎಷ್ಟು ಸಣ್ಣಗೆ ಹೆಚ್ಚಿ ಹಾಕಿದ್ರೂ ಹುಡುಕಿ ತೆಗೀತಾವಣ್ಣ" ಅಂದ್ರು ಅಡುಗೆಯಕ್ಕ.

ಮಕ್ಕಳಿಗೆ ತರಕಾರಿ ಸೇರಲ್ಲ ಬಿಡು ಅಂದುಕೊಂಡೆ. ಸಂಜೆ ನೋಡಿದ್ರೆ ಅದೇ ಮಕ್ಕಳು ನಮ್ಮ ಬದುವಿನ ಸೀಬೆ ಮರದ ಮೇಲೆ! ದೋರುಗಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿಂತಿದ್ರು. ಒಬ್ಬಳು ಪಕ್ಕದ ಸಾಲಿಂದ ಎಳೇ ಸೌತೆಕಾಯಿ ಕಿತ್ತು ಬಾಯಿಗೆ ಇಡೋಕೆ ಹೋದ್ಲು. ಓಡಿ ಹೋಗಿ ಕಿತ್ತುಕೊಂಡು ಬಿಸಾಕಿದೆ. ಆ ಸಾಲಿಗೆ ಹಿಂದಿನ ದಿನ ತಾನೇ ಔಷಧಿ ಹೊಡೆದಿದ್ದೆ. ಮಗು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ತಾನೇ ಕಿತ್ತಿದ್ದನ್ನ ಮಗು ಆಸೆಪಟ್ಟು ತಿನ್ನುತ್ತೆ. ತಿನ್ನಬೇಡ ಅನ್ನೋ ಸ್ಥಿತಿಗೆ ತಂದವರು ನಾವು. ಬೆಳಗಿನ ಜಾವ ಟೊಮೆಟೊ ಬಾಕ್ಸ್ ಮಂಡಿಗೆ ಹೇರ್ತೀವಿ, ಬರುವಾಗ ಮೊಮ್ಮಕ್ಕಳಿಗೆ ಹತ್ತು ರೂಪಾಯಿ ಚಿಪ್ಸ್ ಪ್ಯಾಕೆಟ್ ತರ್ತೀವಿ. ನಾನೂ ತಂದವನೇ.

ಲೆಕ್ಕ ನೋಡಿ. ಬಿಸಿಯೂಟದ ನಿಯಮದಲ್ಲಿ 1ರಿಂದ 5ನೇ ತರಗತಿ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ. 40 ಮಕ್ಕಳಿದ್ರೆ 2 ಕೆಜಿ. ಸೈಜ್ ಇಲ್ಲ ಅಂತ ನಾವು ಬದುವಿಗೆ ಸುರಿಯೋ ಮಾಲೇ ಇದಕ್ಕಿಂತ ಜಾಸ್ತಿ. ಇನ್ನು ಹಣ್ಣಿಗೆ ಸೇಬೇ ಆಗಬೇಕಿಲ್ಲ. ಸೀಬೆಯಲ್ಲಿ ಕಿತ್ತಳೆಗಿಂತ ವಿಟಮಿನ್ ಸಿ ಹೆಚ್ಚು. ಊಟದ ಜೊತೆ ಅದನ್ನ ತಿಂದ್ರೆ ಸೊಪ್ಪು, ಕಾಳಿನಲ್ಲಿರೋ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತೆ. ರಕ್ತ ಕಮ್ಮಿ ಇರೋ ಮಕ್ಕಳಿಗೆ ಮಾತ್ರೆ ಬೇಕೇ ಬೇಕು, ಆದ್ರೆ ಮಾತ್ರೆ ಒಂದನ್ನೇ ನಂಬಿ ಕೂರೋದು ಬೇಡ.

ಬಿಸಿಯೂಟಕ್ಕೆ ಬರೋ ದುಡ್ಡಲ್ಲಿ ಮಾರ್ಕೆಟ್ ತರಕಾರಿ ಎಟುಕಲ್ಲ ಅಂತ ಮೇಷ್ಟ್ರು ಹೇಳ್ತಾರೆ. ಸರ್ಕಾರ ಅದನ್ನ ಹೆಚ್ಚಿಸಲೇಬೇಕು. ಅಲ್ಲಿವರೆಗೆ ನಾವು ಕೈಕಟ್ಟಿ ಕೂರಬೇಕಾ?

ನಾನು ಎರಡು ಸಾಲು ಬಿಟ್ಟಿದ್ದೀನಿ. ಒಂದರಲ್ಲಿ ಸೌತೆ, ಇನ್ನೊಂದರಲ್ಲಿ ಸೊಪ್ಪು. ಔಷಧಿ ಇಲ್ಲ, ಹುಳ ತಿಂದು ಉಳಿದಿದ್ದು ಶಾಲೆಗೆ. ಮಕ್ಕಳೇ ಬಂದು ಕಿತ್ತುಕೊಂಡು ಹೋಗಲಿ ಅಂತ ಮೇಷ್ಟ್ರಿಗೆ ಹೇಳಿದ್ದೀನಿ. ಕೈತೊಳೆಯೋ ನೀರು ಹರಿಯೋ ಕಡೆ ನುಗ್ಗೆ, ಪಪ್ಪಾಯ ಹಾಕೋಕೆ ಗುಂಡಿ ತೆಗೆದಾಗಿದೆ.

ನಿಮ್ಮೂರಲ್ಲೂ ಶಾಲೆ ಇದೆ, ನಿಮಗೂ ಹೊಲ ಇದೆ. ಎರಡು ಸಾಲು ಬಿಡೋಕೆ ಆಗುತ್ತಾ ಹೇಳಿ.