ಇಂಗ್ಲಿಷ್ ಕಲಿಯೋಣ: ಉಮ್ಮ ಮಾತ್ರೆ ತೆಗೆದುಕೊಳ್ಳುತ್ತಾರೆ



ಈ ತಿಂಗಳು ‘ಸಿಂಪಲ್ ಪ್ರೆಸೆಂಟ್ ಟೆನ್ಸ್’, ಅಂದರೆ ಸಾಮಾನ್ಯ ವರ್ತಮಾನ ಕಾಲವನ್ನು ತಿಳಿದುಕೊಳ್ಳೋಣ.

‘ಉಮ್ಮ ಈ ಮಾತ್ರೆ ತೆಗೆದುಕೊಳ್ಳುತ್ತಾರೆ.’ ದಿನವೂ ತೆಗೆದುಕೊಳ್ಳುತ್ತಾರೆ ಎಂದೂ ಅರ್ಥವಾಗುತ್ತದೆ, ನಾಳೆಯಿಂದ ತೆಗೆದುಕೊಳ್ಳುತ್ತಾರೆ ಎಂದೂ ಅರ್ಥವಾಗುತ್ತದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಸಾಕು. ಇಂಗ್ಲಿಷಿನಲ್ಲಿ ಹಾಗಲ್ಲ. ದಿನನಿತ್ಯದ ರೂಢಿಗೆ ‘ಶಿ ಟೇಕ್ಸ್’, ಮುಂದೆ ಆಗುವುದಕ್ಕೆ ‘ಶಿ ವಿಲ್ ಟೇಕ್’. ಮಂಗಳೂರಿನ ಆಸ್ಪತ್ರೆಯಲ್ಲಿ ಕನ್ನಡ ಬಾರದ ಡಾಕ್ಟರರು ಬಿ.ಪಿ. ಮಾತ್ರೆಯ ಬಗ್ಗೆ ವಿಚಾರಿಸಿದಾಗ ನೀವು ‘ವಿಲ್ ಟೇಕ್’ ಎಂದರೆ, ಉಮ್ಮ ಇನ್ನೂ ಮಾತ್ರೆ ಶುರುಮಾಡಿಲ್ಲವೆಂದು ಅವರು ತಿಳಿಯಬಹುದು. ಚಿಕಿತ್ಸೆಯೇ ಬದಲಾದೀತು!

ಈ ಕಾಲವನ್ನು ಮುಖ್ಯವಾಗಿ ಎರಡು ಕಡೆ ಬಳಸುತ್ತೇವೆ.

1. ರೂಢಿ: ಐ ಪ್ರೇ ಫೈವ್ ಟೈಮ್ಸ್ ಎ ಡೇ. ಮೈ ಡಾಟರ್ ಗೋಸ್ ಟು ಮದ್ರಸಾ ಎವ್ರಿ ಡೇ. (ಇಲ್ಲಿ ‘ಈಸ್ ಗೋಯಿಂಗ್’ ಎನ್ನಬಾರದು. ಅದು ಈಗ ದಾರಿಯಲ್ಲಿ ಇರುವವಳಿಗೆ.)

2. ಸದಾ ನಿಜವಾದ ಸಂಗತಿ: ದಿ ನೇತ್ರಾವತಿ ಫ್ಲೋಸ್ ಥ್ರೂ ಬಂಟ್ವಾಳ. ಟಿಪ್ಪು ಸುಲ್ತಾನರು 1794ರಲ್ಲಿ ಕಟ್ಟಿಸಿದ ಜಮಾಲಾಬಾದ್ ಕೋಟೆಯ ಬಗ್ಗೆ ಹೇಳುವಾಗ: ದಿ ಫೋರ್ಟ್ ಸ್ಟ್ಯಾಂಡ್ಸ್ ನಿಯರ್ ಬೆಳ್ತಂಗಡಿ. ಕಟ್ಟಿಸಿದ್ದು ಹಿಂದೆ, ಆದರೆ ಕೋಟೆ ಇಂದಿಗೂ ನಿಂತಿದೆ. ಆದ್ದರಿಂದ ‘ಸ್ಟ್ಯಾಂಡ್ಸ್’.

‘ಐ, ಯು, ವಿ, ದೇ’ ಬಂದಾಗ ಕ್ರಿಯಾಪದ ಹಾಗೆಯೇ ಇರುತ್ತದೆ. ‘ಹಿ, ಶಿ, ಇಟ್’ ಬಂದಾಗ ಕೊನೆಗೆ ‘ಎಸ್’ ಅಥವಾ ‘ಇಎಸ್’ ಸೇರುತ್ತದೆ. ಒಂದು ಎಚ್ಚರಿಕೆ: ನಾವು ಗೌರವದಿಂದ ಉಮ್ಮನನ್ನು ‘ಅವರು’ ಎನ್ನುತ್ತೇವೆ. ಹಾಗೆಂದು ಇಂಗ್ಲಿಷಿನಲ್ಲಿ ‘ದೇ ಟೇಕ್’ ಎನ್ನಬೇಡಿ. ಉಮ್ಮನಿಗೂ ‘ಶಿ ಟೇಕ್ಸ್’ ಎಂದೇ ಹೇಳಬೇಕು. ಅದರಿಂದ ಗೌರವವೇನೂ ಕಡಿಮೆಯಾಗದು.

ಪ್ರಶ್ನೆಯಲ್ಲೂ ‘ಇಲ್ಲ’ ಎನ್ನುವಾಗಲೂ ‘ಡಸ್’ ಬರುತ್ತದೆ. ಆಗ ಕ್ರಿಯಾಪದದ ‘ಎಸ್’ ಬಿಡಬೇಕು: ಡಸ್ ಶಿ ಟೇಕ್ ಶುಗರ್? ನೋ, ಶಿ ಡಸ್ ನಾಟ್ ಟೇಕ್ ಶುಗರ್.

ಇನ್ನು ನಿಮ್ಮ ಸರದಿ. ಇಂಗ್ಲಿಷಿನಲ್ಲಿ ಹೇಳಿ:

ಅ) ನನ್ನ ಮಗ ಮೂಡುಬಿದಿರೆಯಲ್ಲಿ ಓದುತ್ತಾನೆ.
ಆ) ಅವನು ಮೀನು ತಿನ್ನುವುದಿಲ್ಲ.
ಇ) ನಾವು ಬೆಳಿಗ್ಗೆ ಬೇಗ ಏಳುತ್ತೇವೆ.

ಉತ್ತರ: ಅ) ಮೈ ಸನ್ ಸ್ಟಡೀಸ್ ಇನ್ ಮೂಡುಬಿದಿರೆ. ಆ) ಹಿ ಡಸ್ ನಾಟ್ ಈಟ್ ಫಿಶ್. ಇ) ವಿ ಗೆಟ್ ಅಪ್ ಅರ್ಲಿ ಇನ್ ದಿ ಮಾರ್ನಿಂಗ್.

ಇಂದು ರಾತ್ರಿ ಅಡುಗೆ ಕೆಲಸ ಮುಗಿದ ಮೇಲೆ, ನಿಮ್ಮ ದಿನಚರಿಯ ಐದು ವಾಕ್ಯಗಳನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಹೇಳಿ. ಅವರು ನಕ್ಕರೂ ನಿಲ್ಲಿಸಬೇಡಿ. ಡಾಕ್ಟರರ ಮುಂದೆ, ಶಾಲೆಯ ಟೀಚರ್ ಮುಂದೆ ಮಾತು ತಡವರಿಸದಂತೆ ಮಾಡುವುದು ಈ ಅಭ್ಯಾಸವೇ.